ರಂಗಯ್ಯನವರ ಕಾರ್ಡು ಬೆಟ್ಟ ಹತ್ತಿದ್ದು

ಮೊದಲು ಒಂದಕ್ಕೆ ನಮಸ್ಕಾರ. ಆಮೇಲೆ ಅದರ ಬಲಗಡೆ ಗಂಭೀರವಾಗಿ ಕೂತಿರುವ ಎರಡು ಸೊನ್ನೆಗಳಿಗೆ ನಮಸ್ಕಾರ. ಈ ಮೂವರೂ ಸೇರಿ ಮಧುಗಿರಿಯ ರಂಗಯ್ಯನವರನ್ನು ಆಟವಾಡಿಸಿದ ಕಥೆಯನ್ನು, ಕಿವಿಗೆ ಬಿದ್ದಷ್ಟು, ಬಿದ್ದ ಹಾಗೆಯೇ ಇಲ್ಲಿ ಇಟ್ಟಿದೆ.

ಶನಿವಾರ ಸಂಜೆ ರಾಮಮಂದಿರದಲ್ಲಿ ಕಾವ್ಯ ಓದುವಾಗಲೂ ಸಂಖ್ಯೆಗಳು ಬರುತ್ತವೆ. ಹದಿನೆಂಟು ಅಕ್ಷೌಹಿಣಿ ಸೇನೆ ಎಂದರೆ ಕೇಳುವವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಅಷ್ಟು ಆನೆಗಳಿಗೆ ಹುಲ್ಲು ತಂದವರು ಯಾರು ಎಂದು ಯಾರೂ ಕೇಳುವುದಿಲ್ಲ. ಏಕೆಂದರೆ ಪದ್ಯ ಮುಗಿದ ಮೇಲೆ ಯಾರೂ ಬಂದು ನಮಗೆ ಆನೆ ಮಾರುವುದಿಲ್ಲ. ಫ್ಲೆಕ್ಸಿನ ಮೇಲಿನ ಸಂಖ್ಯೆ ಹಾಗಲ್ಲ. ಅದರ ಹಿಂದೆ ಒಬ್ಬ ಬಾಟಲಿ ಹಿಡಿದುಕೊಂಡು ನಿಂತಿರುತ್ತಾನೆ.

ರಂಗಯ್ಯನವರು ಕಾಲೇಜೊಂದರಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಬೆಟ್ಟದ ಬುಡದಲ್ಲೇ ಮನೆ. ಅನುಮಾನ ಅವರಿಗೆ ಹುಟ್ಟಿನಿಂದ ಬಂದದ್ದು. ತೆಂಗಿನಕಾಯಿಯನ್ನು ಮೂರು ಕಡೆ ತಟ್ಟಿ, ಕಿವಿಗಿಟ್ಟು ಅಲ್ಲಾಡಿಸಿ, ಅಂಗಡಿಯವನ ಮುಖ ನೋಡಿ, ನಾಲ್ಕನೆಯ ಕಡೆ ತಟ್ಟುವವರು. ಬಸ್ಸಿನ ಬೋರ್ಡಿನಲ್ಲಿ ಪಾವಗಡ ಎಂದು ಬರೆದಿದ್ದರೂ ಕಂಡಕ್ಟರನ್ನು ಕೇಳಿ, ಆಮೇಲೆ ಡ್ರೈವರನ್ನು ಕೇಳಿ, ಇಬ್ಬರ ಮಾತೂ ತಾಳೆಯಾದ ಮೇಲೆ ಹತ್ತಿ ಕೂತು, ಪಕ್ಕದವರನ್ನು ಕೇಳುವವರು. ಇಷ್ಟು ಅನುಮಾನವಿರುವ ಮನುಷ್ಯ ಮೋಸ ಹೋಗಲಾರ ಎಂಬುದು ಅವರ ದೃಢವಾದ ನಂಬಿಕೆ. ಅವರು ತಟ್ಟಿ ನೋಡದೆ ನಂಬಿದ್ದು ಇದೊಂದನ್ನೇ.

ಹನ್ನೆರಡು ವರ್ಷದಿಂದ ಅವರಿಗೆ ಎರಡೂ ಮಂಡಿ ನೋವು. ಈ ಕಾರಣದಿಂದ ಗ್ಯಾಸ್ ಸಿಲಿಂಡರ್ ಉರುಳಿಸುವುದು, ಅಟ್ಟದಿಂದ ಪಾತ್ರೆ ಇಳಿಸುವುದು, ಕುಡಿಯುವ ನೀರು ತರುವುದು ಇವೆಲ್ಲ ಹೆಂಡತಿ ವೇದಾವತಿಯವರ ಪಾಲಿಗೆ ಹೋಗಿದ್ದವು. ರಂಗಯ್ಯನವರ ಪಾಲಿಗೆ ಉಳಿದದ್ದು ತೆಂಗಿನಕಾಯಿ ತಟ್ಟುವುದು. ಇನ್ನೊಂದು ಗುಟ್ಟಿನ ನೋವೂ ಅವರಿಗಿತ್ತು. ಅರವತ್ತೆರಡು ವರ್ಷ ಬೆಟ್ಟದ ನೆರಳಲ್ಲೇ ಬಾಳಿದರೂ ಮೊದಲ ಕೋಟೆ ಬಾಗಿಲು ದಾಟಿ ಅವರು ಮೇಲಕ್ಕೆ ಹೋದವರಲ್ಲ. ಬಂದ ನೆಂಟರೆಲ್ಲ ಮೇಲಿಂದ ಏನೇನು ಕಾಣುತ್ತದೆ ಎಂದು ಕೇಳುವರು. ಮೋಡ ಕಾಣುತ್ತದೆ ಎಂದು ಇವರು ಹೇಳುವರು.

ಹೀಗಿರುವಾಗ ಒಂದು ಭಾನುವಾರ ಬೆಟ್ಟದ ಬುಡದಲ್ಲಿ ಶಾಮಿಯಾನ ಎದ್ದಿತು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಅರುಣ್ ಕುಮಾರ್ ಎಂಬ ಯುವಕ ಮಂಡಿನೋವಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಗಿರಿಬಲ ತೈಲದ ಮುನ್ನೂರು ಬಾಟಲಿಗಳನ್ನು ಪುಕ್ಕಟೆಯಾಗಿ ಹಂಚಿದ. ಜೊತೆಗೆ ಒಂದೊಂದು ಕಾರ್ಡು. ಒಂದು ತಿಂಗಳು ಎಣ್ಣೆ ಹಚ್ಚಬೇಕು. ತಿಂಗಳಾದ ಮೇಲೆ ಬರುವ ಭಾನುವಾರ ಬೆಟ್ಟದ ತುದಿಯ ಗೋಪಾಲಸ್ವಾಮಿ ಗುಡಿಯ ಹತ್ತಿರ ಕಂಪನಿಯವರು ಕೂತಿರುತ್ತಾರೆ. ಕಾರ್ಡಿನಲ್ಲಿ ನೋವು ಇದೆಯೋ ಇಲ್ಲವೋ ಗುರುತು ಹಾಕಿ, ಅಲ್ಲಿ ಕೊಟ್ಟು ಮುದ್ರೆ ಒತ್ತಿಸಿಕೊಂಡರೆ ಕೆಳಗೆ ಒಂದು ಗೋಡೆ ಗಡಿಯಾರ ಕೊಡುತ್ತಾರೆ.

ಕೇಳುವುದನ್ನು ಇಲ್ಲೇ ಕೇಳಬಹುದಲ್ಲ, ಅಷ್ಟು ಮೇಲೆ ಯಾಕೆ ಎಂದು ರಂಗಯ್ಯನವರು ಅನುಮಾನಪಟ್ಟರು. ಮಂಡಿಗೆ ಬೆಟ್ಟಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆ ಸಾರ್ ಎಂದ ಅರುಣ್ ಕುಮಾರ್. ಪ್ರಶ್ನೆ ಕೇಳಿದ್ದಾಯಿತು, ಉತ್ತರವೂ ಬಂತು. ರಂಗಯ್ಯನವರು ಸಮಾಧಾನಗೊಂಡು ಬಾಟಲಿ ತೆಗೆದುಕೊಂಡರು.

ಮನೆಗೆ ಬಂದು ಮೂಸಿದರು. ಸಾಸಿವೆ ಎಣ್ಣೆ ಮತ್ತು ಕರ್ಪೂರದ ವಾಸನೆ. ಪುಕ್ಕಟೆ ಕೊಟ್ಟದ್ದನ್ನು ಮೈಗೆ ಹಚ್ಚಬಾರದು ಎಂದು ತೀರ್ಮಾನಿಸಿ ಗೋಡೆಯ ಗೂಡಿನಲ್ಲಿಟ್ಟರು. ವೇದಾವತಿಯವರು ಅದನ್ನು ಕಿರುಗುಟ್ಟುತ್ತಿದ್ದ ಬೀದಿಬಾಗಿಲಿನ ಕೀಲಿಗೆ ಬಿಟ್ಟರು. ಬಾಗಿಲಿಗೆ ಒಂದೇ ದಿನದಲ್ಲಿ ಪೂರ್ತಿ ಗುಣವಾಯಿತು.

ತಿಂಗಳಾಗಿ ಆ ಭಾನುವಾರ ಬಂತು. ಎಣ್ಣೆ ಮೈಗೆ ಹತ್ತಿರಲಿಲ್ಲ, ಆದರೆ ಗಡಿಯಾರದ ಆಸೆ ಮನಸ್ಸಿಗೆ ಹತ್ತಿತ್ತು. ರಂಗಯ್ಯನವರು ಕಾರ್ಡಿನಲ್ಲಿ ‘ನೋವು ಇಲ್ಲ’ ಎಂಬ ಕಡೆ ಗುರುತು ಹಾಕಿಕೊಂಡು, ಬೆಟ್ಟದ ಮೆಟ್ಟಿಲಲ್ಲಿ ಹನ್ನೊಂದು ಹತ್ತಿ, ಹನ್ನೆರಡನೆಯದರ ಮೇಲೆ ಕೂತುಬಿಟ್ಟರು. ಅಷ್ಟರಲ್ಲಿ ಸೈಕಲ್ ಶಾಪಿನ ಪರಮೇಶ್ ಬಂದ. ಪ್ರತಿ ಭಾನುವಾರ ಬೆಟ್ಟ ಹತ್ತಿ ಇಳಿದು ಆಮೇಲೆ ತಿಂಡಿ ತಿನ್ನುವ ಗಟ್ಟಿ ಆಳು.

ನಮ್ಮ ಕಡೆ ಒಂದು ವಾಡಿಕೆಯಿದೆ. ದೂರದ ದೇವರಿಗೆ ಹೊರಟವರ ಕೈಯಲ್ಲಿ, ಹೋಗಲಾರದವರು ತಮ್ಮ ಹೆಸರು, ನಕ್ಷತ್ರ ಹೇಳಿ ಕಳಿಸುತ್ತಾರೆ. ಅವರ ಹೆಸರಲ್ಲಿ ಅರ್ಚನೆಯಾಗುತ್ತದೆ, ಕಾಯಿ ಒಡೆಯುತ್ತದೆ, ಪ್ರಸಾದ ಮನೆ ಬಾಗಿಲಿಗೆ ಬರುತ್ತದೆ. ಇವನೇ ಯಾಕೆ ಬರಲಿಲ್ಲ ಎಂದು ದೇವರು ಯಾವತ್ತೂ ಆಕ್ಷೇಪ ಮಾಡಿದ್ದಿಲ್ಲ. ದೇವರಿಗೆ ಒಪ್ಪಿಗೆಯಾದದ್ದು ಎಣ್ಣೆಯವರಿಗೆ ಆಗದೆ ಇದ್ದೀತೆ ಎಂದು ರಂಗಯ್ಯನವರು ಕಾರ್ಡು ಮುಂದೆ ಚಾಚಿದರು.

“ನನ್ ಹೆಸ್ರಲ್ಲೂ ಒಂದು ಮುದ್ರೆ ಒತ್ತಿಸ್ಕೊಂಡು ಬಾಪ್ಪ ಪರಮೇಶ. ವಿಶಾಖಾ ನಕ್ಷತ್ರ.”

ಪರಮೇಶ ಕಾರ್ಡನ್ನು ಹೆಗಲ ಚೀಲಕ್ಕೆ ಹಾಕಿಕೊಂಡ. ಚೀಲ ಆಗಲೇ ಉಬ್ಬಿತ್ತು. ಅದರಲ್ಲಿ ಏನಿದೆ ಎಂದು ಎಂದೂ ಇಲ್ಲದೆ ಆ ದಿನ ರಂಗಯ್ಯನವರು ಅನುಮಾನಪಡಲಿಲ್ಲ.

ಮಧ್ಯಾಹ್ನ ಮುದ್ರೆ ಬಿದ್ದ ಕಾರ್ಡು ಕೆಳಗೆ ಬಂತು. ಗಡಿಯಾರ ಕೈಗೆ ಬಂತು. ಗಡಿಯಾರದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಹಿಂದೆ ಬೆಟ್ಟ ಬರುವ ಹಾಗೆ ಫೋಟೋ ಹಿಡಿದರು. ರಂಗಯ್ಯನವರು ಸರಿಯಾಗಿ ನಡುವೆ ನಿಂತರು. ಮನೆಗೆ ಬಂದು ಗಡಿಯಾರವನ್ನು ದೇವರ ಪಟದ ಪಕ್ಕಕ್ಕೆ ತೂಗುಹಾಕಿ, ಬೆಟ್ಟದ ತುದಿ ಮುಟ್ಟಿ ಬಂದೆ ಎಂದು ಹೆಂಡತಿಗೆ ಹೇಳಿದರು. ಮೇಲಿಂದ ಏನು ಕಂಡಿತು ಎಂದು ವೇದಾವತಿಯವರು ಕೇಳಿದರು. ನಮ್ಮ ಮನೆ ಕಂಡಿತು, ನೀನು ಬಟ್ಟೆ ಒಣಗಿಸ್ತಿದ್ದೆ ಎಂದರು ರಂಗಯ್ಯನವರು. ವೇದಾವತಿಯವರು ಆ ದಿನ ಬಟ್ಟೆ ಒಗೆದಿರಲಿಲ್ಲ. ಆದರೂ ಸುಮ್ಮನಾದರು. ಸುಮ್ಮನಾಗುವುದು ಬೇರೆ, ನಂಬುವುದು ಬೇರೆ.

ಒಂಬತ್ತು ದಿನ ಕಳೆದ ಮೇಲೆ, ಮಂಗಳವಾರ ಬೆಳಿಗ್ಗೆ, ಪಕ್ಕದ ಮನೆಯ ಹೂವಿನ ಮುನಿಯಮ್ಮ ಬುಟ್ಟಿ ಇಳಿಸದೆಯೇ ವೇದಾವತಿಯವರ ಬಾಗಿಲಿಗೆ ಬಂದಳು.

“ನಿಮ್ಮೆಜಮಾನ್ರು ಬಸ್ ಸ್ಟ್ಯಾಂಡಲ್ಲಿ ನಿಂತವ್ರೆ ಕಣಮ್ಮ. ಎರಡಾಳುದ್ದ.”

ಯಜಮಾನರು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರು. ವೇದಾವತಿಯವರು ಚಪ್ಪಲಿ ಮೆಟ್ಟಿಕೊಂಡು ಹೋಗಿ ನೋಡಿ ಬಂದರು. ಹೌದು, ಫ್ಲೆಕ್ಸು. ಹಿಂದೆ ಬೆಟ್ಟ, ಮುಂದೆ ಗಡಿಯಾರ ಅಪ್ಪಿಕೊಂಡ ರಂಗಯ್ಯನವರು, ತಲೆಯ ಮೇಲೆ ಕೆಂಪು ಅಕ್ಷರ: ‘ಮಧುಗಿರಿ ಬೆಟ್ಟವೇ ಸಾಕ್ಷಿ. ಗಿರಿಬಲ ತೈಲ. ಮಂಡಿನೋವು ಮಾಯವಾದ ಮಂದಿ 100ಕ್ಕೆ 100.’ ಬಸ್ಸಿನವರು ಹೇಳುವಂತೆ ಇದೇ ಫ್ಲೆಕ್ಸು ಶಿರಾ, ಕೊರಟಗೆರೆ, ಪಾವಗಡ ಮೂರೂ ಕಡೆ ಎದ್ದಿತ್ತು. ನಾಲ್ಕು ತಾಲ್ಲೂಕಿನಲ್ಲಿ ಒಂದೇ ಬೆಳಿಗ್ಗೆ ನಿಂತುಕೊಳ್ಳುವುದು ಮಂಡಿ ಗಟ್ಟಿ ಇದ್ದವರಿಗೂ ಆಗುವ ಕೆಲಸವಲ್ಲ.

ವೇದಾವತಿಯವರು ಅಡುಗೆಮನೆಯಿಂದ ಖಾಲಿ ಸಿಲಿಂಡರನ್ನು ಉರುಳಿಸಿ ತಂದು ಗಂಡನ ಮುಂದೆ ನಿಲ್ಲಿಸಿದರು.

“ಹನ್ನೆರಡು ವರ್ಷ,” ಎಂದರು. “ಹನ್ನೆರಡು ವರ್ಷ ನಾಟಕ ಆಡಿದ್ರಲ್ಲ ನೀವು,” ಎಂದರು.

ಇಲ್ಲ, ನೋವು ನಿಜ ಎಂದರೆ ಬೆಟ್ಟ ಹತ್ತಿದ್ದು ಸುಳ್ಳಾಗುತ್ತದೆ. ಬೆಟ್ಟ ಹತ್ತಿದ್ದು ನಿಜ ಎಂದರೆ ಸಿಲಿಂಡರ್ ಎತ್ತಬೇಕಾಗುತ್ತದೆ. ರಂಗಯ್ಯನವರು ಎರಡನ್ನೂ ತೂಗಿ ನೋಡಿ, ಮರ್ಯಾದೆಗಿಂತ ಸಿಲಿಂಡರ್ ಹಗುರ ಎಂದು ಎತ್ತಿದರು. ಬೀದಿ ಕೊನೆಯ ಗಾಡಿಯವರೆಗೆ ಅವರು ಹೋದ ರೀತಿಯನ್ನು ಮುನಿಯಮ್ಮ ಇಂದಿಗೂ ಹೂ ಕಟ್ಟುತ್ತ ವರ್ಣಿಸುತ್ತಾಳೆ.

ಅಲ್ಲಿಂದ ಊರಿನ ಅನುಮಾನವೆಲ್ಲ ಒಂದೇ ಕಡೆ ತಿರುಗಿತು. ಕೊರಟಗೆರೆ ಬಸ್ಸಿನಲ್ಲಿ ಕಂಡಕ್ಟರು ಅವರನ್ನು ಮುಖದಿಂದ ಗುರುತಿಸಿ, ಹಿರಿಯರ ಸೀಟಿನಿಂದ ಎಬ್ಬಿಸಿ, ತೋವಿನಕೆರೆಯ ಅಜ್ಜಿಯೊಬ್ಬಳನ್ನು ಕೂರಿಸಿದ. ರಾಮಮಂದಿರದ ಅಧ್ಯಕ್ಷ ಕೆಂಪಯ್ಯನವರು, ಹಿಂದಿನ ಗೋಡೆಗೆ ಒರಗಿಸಿ ರಂಗಯ್ಯನವರಿಗೆಂದೇ ಇಡುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತೆಗೆಸಿದರು. ಚಹಾ ಅಂಗಡಿಯಲ್ಲಿ ಕಮಿಷನ್ ಎಷ್ಟು ಸಿಕ್ಕಿರಬಹುದು ಎಂಬ ಚರ್ಚೆ ನಡೆಯಿತು. ಏನೂ ಸಿಕ್ಕಿಲ್ಲ ಎಂದು ರಂಗಯ್ಯನವರು ಹೇಳಿದಾಗ, ಹಾಗಾದರೆ ತುಂಬ ಜಾಸ್ತಿಯೇ ಸಿಕ್ಕಿರಬೇಕು ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು.

ಇದನ್ನೆಲ್ಲ ಅವರು ಹೇಗೋ ನುಂಗಿಕೊಂಡಿರುತ್ತಿದ್ದರು. ಆದರೆ ಮರುವಾರ ಬುಧವಾರ ಪಾವಗಡದ ಬಸ್ಸಿನಿಂದ ಅವರ ಅಕ್ಕ ಇಳಿದರು.

ಕೊಲ್ಲಾಪುರಮ್ಮನವರಿಗೆ ಎಪ್ಪತ್ತು ವರ್ಷ. ಪಾವಗಡದ ಕಡೆಯ, ತೆಲುಗು ಬೆರೆತ ಮಾತಿನ ರಾಯಚರ್ಲುವಿಗೆ ಕೊಟ್ಟ ಹೆಣ್ಣುಮಗಳು. ತಾಯಿ ತೀರಿಕೊಂಡಾಗ ರಂಗಯ್ಯನವರು ಕೈಗೂಸು. ಒಂಬತ್ತು ವರ್ಷದ ಅಕ್ಕನೇ ಸೊಂಟದಲ್ಲಿ ಎತ್ತಿಕೊಂಡು ಸಾಕಿದ್ದು. ಈಗ ಆಕೆಯ ಎರಡು ಮಂಡಿಯೂ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿ, ಮನೆಯಿಂದ ಹಿತ್ತಿಲಿಗೆ ಗೋಡೆ ಹಿಡಿದು ಹೋಗಬೇಕು. ಎಂಟು ತಿಂಗಳು ಕಾದು ತುಮಕೂರಿನ ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಬರುವ ಸೋಮವಾರ ಬೆಳಿಗ್ಗೆ ಸೇರಬೇಕು. ಬರುವುದಿಲ್ಲವಾದರೆ ಭಾನುವಾರದೊಳಗೆ ತಿಳಿಸಬೇಕು. ತಪ್ಪಿದರೆ ಮತ್ತೆ ಎಂಟು ತಿಂಗಳು.

ಆಕೆ ಬಸ್ಸಿನ ಮೆಟ್ಟಿಲನ್ನು ಅಡ್ಡಡ್ಡ ಇಳಿದರು, ಒಂದು ಕಡೆ ಕಂಡಕ್ಟರು, ಇನ್ನೊಂದು ಕಡೆ ಯಾರೋ ದಾರಿಹೋಕ. ಕೈಚೀಲದಲ್ಲಿ ಗಿರಿಬಲ ತೈಲದ ನಾಲ್ಕು ಬಾಟಲಿ ಟಣಟಣ ಎನ್ನುತ್ತಿತ್ತು. ಮನೆಗೆ ಬಂದು ಕೂತು, ನೀರು ಕುಡಿದು, ಮಗ ಅಂಬರೀಶನಿಗೆ ಆಸ್ಪತ್ರೆಯವರಿಗೆ ಬರಲ್ಲ ಎಂದು ಫೋನ್ ಮಾಡಲು ಹೇಳಿರುವುದಾಗಿಯೂ, ಅವನು ಭಾನುವಾರದವರೆಗೆ ತಡಿ ಎಂದು ಹಟ ಹಿಡಿದಿರುವುದಾಗಿಯೂ ತಿಳಿಸಿದರು. ಪಾವಗಡದ ಫ್ಲೆಕ್ಸಿನಲ್ಲಿ ತಮ್ಮನನ್ನು ನೋಡಿದ ಮೇಲೆ ಮಂಡಿ ಕುಯ್ಯಿಸಿಕೊಳ್ಳುವ ಹುಚ್ಚು ಯಾರಿಗೆ ಬೇಕು ಎಂದರು.

ಹೆಂಡತಿಯ ಮುಂದೆ, ಹೂವಿನ ಮುನಿಯಮ್ಮ ಕಿಟಕಿಯಲ್ಲಿ ನಿಂತು ಕೇಳುತ್ತಿರುವಾಗ, ರಂಗಯ್ಯನವರು ಎಲ್ಲವನ್ನೂ ಒಪ್ಪಿಕೊಂಡರು. ಎಣ್ಣೆ ಹಚ್ಚಿಲ್ಲ. ಬೆಟ್ಟ ಹತ್ತಿಲ್ಲ. ಹನ್ನೊಂದು ಮೆಟ್ಟಿಲು ಮಾತ್ರ. ಮೇಲಕ್ಕೆ ಹೋದದ್ದು ಕಾರ್ಡು.

ಕೊಲ್ಲಾಪುರಮ್ಮನವರು ತಮ್ಮನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಏಮ್ರಾ ರಂಗಾ, ಅಕ್ಕನ ಹತ್ರಾನೂ ನಾಟಕನಾ? ನಿಂಗೊಬ್ಬನಿಗೆ ವಾಸಿ ಆಗ್ದೆ ಇದ್ದಿದ್ರೆ ನೂರಕ್ಕೆ ತೊಂಬತ್ತೊಂಬತ್ತು ಅಂತ ಬರೀತಿದ್ರು. ನೂರು ಅಂತ ಬರ್ದವ್ರೆ. ನಿನ್ ಮಾತು ನಂಬ್ಲಾ, ಆ ನೂರು ಜನದ ಮಾತು ನಂಬ್ಲಾ?”

ಇಂಥ ತರ್ಕದ ಮುಂದೆ ಶಾಸ್ತ್ರ ಓದಿದವರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ಬೇಕಾದರೆ ನಾನು ಈಗಲೇ ಬೆಟ್ಟ ಹತ್ತಲಾರದೆ ಇರುವುದನ್ನು ಕಣ್ಣಾರೆ ನೋಡು ಎಂದು ರಂಗಯ್ಯನವರು ಅಂಗಲಾಚಿದರು. ಅದನ್ನು ಯಾರು ಬೇಕಾದರೂ ಮಾಡಬಹುದು ಎಂದು ವೇದಾವತಿಯವರು ಮಧ್ಯೆ ಬಾಯಿ ಹಾಕಿದರು. ನಿಜವೇ. ಆಗುತ್ತದೆ ಎಂದು ತೋರಿಸಲು ದಾರಿ ಉಂಟು, ಆಗುವುದಿಲ್ಲ ಎಂದು ತೋರಿಸಲು ದಾರಿ ಎಲ್ಲಿದೆ? ಮೆಟ್ಟಿಲ ಮೇಲೆ ಕೂತು ನರಳಿದರೆ ಅದೂ ಒಂದು ನಾಟಕವಾಗುತ್ತದೆ.

ಗುರುವಾರ ರಂಗಯ್ಯನವರು ಅರುಣ್ ಕುಮಾರನನ್ನು ಹುಡುಕಿಕೊಂಡು ಹೋದರು. ಅವನ ಆಫೀಸು ಬಟ್ಟೆ ಅಂಗಡಿಯೊಂದರ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಇರಲಿಲ್ಲ. ಮಂಡಿನೋವಿನ ಎಣ್ಣೆಯವರು ಅಂಥ ಜಾಗ ಹಿಡಿದದ್ದರಲ್ಲಿಯೂ ಏನೋ ಉಪಾಯವಿದೆ ಎಂದು ಅವರಿಗೆ ಎರಡನೆಯ ಮಹಡಿಯಲ್ಲಿ ಹೊಳೆಯಿತು. ಮೇಲೆ ಮುಟ್ಟಿದಾಗ ಮಾತಾಡಲು ಉಸಿರಿರಲಿಲ್ಲ.

ಅರುಣ್ ಕುಮಾರ್ ಬಹಳ ವಿನಯದ ಮನುಷ್ಯ. ಕುರ್ಚಿ ಕೊಟ್ಟ, ನೀರು ಕೊಟ್ಟ, ಮೂರು ಮಹಡಿ ಹತ್ತಿ ಬಂದಿರಲ್ಲ ಎಂದು ಅಭಿನಂದನೆಯನ್ನೂ ಕೊಟ್ಟ. ಆಮೇಲೆ ಫೈಲು ತೆಗೆದು ತೋರಿಸಿದ. ಮೇಲೆ ಬಂದ ಕಾರ್ಡು ನಲವತ್ತೊಂದು. ನೋವಿಲ್ಲ ಎಂದದ್ದು ನಲವತ್ತೊಂದು. ನಲವತ್ತೊಂದಕ್ಕೆ ನಲವತ್ತೊಂದು ಎಂದರೆ ನೂರಕ್ಕೆ ನೂರೇ, ಬೇಕಾದರೆ ಯಾವ ಮೇಷ್ಟರನ್ನಾದರೂ ಕೇಳಿ ಎಂದ.

“ಬಾಟ್ಲಿ ಕೊಟ್ಟಿದ್ದು ಮುನ್ನೂರಲ್ವೇನಪ್ಪ? ಉಳಿದೋರು?”

“ಉಳಿದೋರು ಮೇಲಕ್ಕೆ ಬರ್ಲಿಲ್ಲ ಸಾರ್.”

“ಮಂಡಿ ನೋವಿರೋರು ಹೆಂಗಪ್ಪ ಮೇಲಕ್ಕೆ ಬತ್ತಾರೆ?”

“ಅದೇ ಸಾರ್ ನಾನೂ ಹೇಳೋದು,” ಎಂದ ಅರುಣ್ ಕುಮಾರ್ ಸಂತೋಷದಿಂದ. “ಮೇಲಕ್ಕೆ ಬಂದೋರಲ್ಲಿ ಒಬ್ರಿಗೂ ನೋವಿರಲಿಲ್ಲ.”

ರಂಗಯ್ಯನವರು ತಾವು ಹತ್ತಿಯೇ ಇಲ್ಲ ಎಂದರು. ಅರುಣ್ ಕುಮಾರ್ ಅವರ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟ. ಹೆಸರು, ವಯಸ್ಸು, ನೋವು ಇಲ್ಲ ಎಂಬ ಗುರುತು, ಸಹಿ, ಮೇಲೆ ನೀಲಿ ಮುದ್ರೆ. ಅದರ ಪಕ್ಕದಲ್ಲಿ ಪರಮೇಶನ ಕೈಬರಹದಲ್ಲಿ ವಿಶಾಖಾ ಎಂದೂ ಇತ್ತು. ಬೇರೆ ಎಣ್ಣೆಯ ಕಂಪನಿಯವರು ಯಾರಾದರೂ ನಿಮ್ಮನ್ನು ಕಂಡು ಮಾತಾಡಿದರಾ ಸಾರ್ ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ. ಅನುಮಾನದಲ್ಲಿ ತಮಗೆ ಸಮನಾದ ಇನ್ನೊಬ್ಬ ಮನುಷ್ಯನನ್ನು ರಂಗಯ್ಯನವರು ಕಂಡದ್ದು ಅದೇ ಮೊದಲು.

ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ನಿಂತು ಯೋಚಿಸಿದರು. ಶುಕ್ರವಾರ ಬೆಳಿಗ್ಗೆ ಸೈಕಲ್ ಶಾಪಿಗೆ ಹೋಗಿ, ನನ್ನ ಕಾರ್ಡು ನೀನೇ ಒಯ್ದದ್ದು ಎಂದು ನಮ್ಮಕ್ಕನ ಮುಂದೆ ಒಂದು ಮಾತು ಹೇಳಿಬಿಡು ಎಂದು ಪರಮೇಶನನ್ನು ಕೇಳಿದರು. ಪರಮೇಶ ಪಂಕ್ಚರಿನ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ಬಹಳ ಹೊತ್ತು ಹುಡುಕಿದ. ಆಮೇಲೆ ತಲೆ ಎತ್ತದೆಯೇ ಹೇಳಿದ.

“ನಿಮ್ದೊಂದೇ ಆಗಿದ್ರೆ ಹೇಳ್ಬಹುದಿತ್ತು ರಂಗಣ್ಣ. ಚೀಲ್ದಲ್ಲಿ ಮೂವತ್ತೆರಡು ಇದ್ವು.”

ನಕ್ಷತ್ರ ಸಮೇತ ಮೂವತ್ತೆರಡು. ಇಡೀ ಬೀದಿ, ರಾಮಮಂದಿರದ ಅರ್ಧ ಸಭೆ, ಕೊನೆಗೆ ಕೆಂಪಯ್ಯನವರದೂ. ಉಳಿದ ಒಂಬತ್ತರಲ್ಲಿ ಒಂದು ಪರಮೇಶನದು, ಅವನಿಗೆ ಹುಟ್ಟಿದಾಗಿನಿಂದ ಮಂಡಿನೋವು ಬಂದಿಲ್ಲ. ಎಂಟು ಜನ ಹಾಸ್ಟೆಲಿನ ಹುಡುಗರು, ರೂಮಿಗೆ ಗಡಿಯಾರ ಬೇಕೆಂದು ಓಡಿಕೊಂಡೇ ಹತ್ತಿದವರು. ಅಂದರೆ ಮುನ್ನೂರು ಬಾಟಲಿಗೆ ಬೆಟ್ಟದ ತುದಿ ಮುಟ್ಟಿದ ಮಂಡಿಗಳು ಹದಿನೆಂಟು, ಹದಿನೆಂಟೂ ಎಣ್ಣೆ ಕಾಣದೆಯೇ ಗಟ್ಟಿಯಾಗಿದ್ದವು. ಹದಿನೆಂಟು ಎಂಬ ಸಂಖ್ಯೆ ಬಂದ ಕಡೆ ಏನಾದರೊಂದು ಅನಾಹುತ ಆಗಿಯೇ ತೀರುತ್ತದೆ ಎಂಬುದು ಕಾವ್ಯ ಕೇಳಿದವರಿಗೆಲ್ಲ ಗೊತ್ತು.

ರಂಗಯ್ಯನವರು ಓಡಲಾರದ ಕಾಲಲ್ಲಿ ಓಡುವವರ ಹಾಗೆ ಮನೆಗೆ ಬಂದು ಅಕ್ಕನಿಗೆ ಲೆಕ್ಕ ಒಪ್ಪಿಸಿದರು. ಕೊಲ್ಲಾಪುರಮ್ಮನವರು ಆಗ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ಬೆಳಿಗ್ಗೆಯಿಂದ ಎರಡನೆಯ ಸಲ. ಗುಣ ಕಾಣುತ್ತಿದೆಯೇ ಎಂದರೆ, ಬಿಸಿ ಕಾಣುತ್ತಿದೆ ಎಂದರು. ಆ ಮೂವತ್ತೆರಡು ಜನರೇ ಬಂದು ನನ್ನ ಮುಂದೆ ಹೇಳಲಿ, ಆಗ ನಂಬುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ನಾಡಿದ್ದು ಭಾನುವಾರ.

ಶನಿವಾರ ಸಂಜೆ ರಾಮಮಂದಿರ ತುಂಬಿತ್ತು. ರಂಗಯ್ಯನವರು ಅಕ್ಕನನ್ನು ಆಟೋದಲ್ಲಿ ಕರೆತಂದು ಬಾಗಿಲ ಹತ್ತಿರದ ಕಂಬಕ್ಕೆ ಒರಗಿಸಿ ಕೂರಿಸಿದರು. ಓದು ಶುರುವಾಗುವ ಮುಂಚೆ, ಕೆಂಪಯ್ಯನವರ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಬೇಡಿಕೊಂಡ ಮೇಲೆ, ಅಧ್ಯಕ್ಷರು ಎದ್ದು ನಿಲ್ಲದೆ ಕೂತಲ್ಲಿಂದಲೇ ಸಭೆಯನ್ನು ಕೇಳಿದರು: ಎಣ್ಣೆ ಬಾಟಲಿ ತೆಗೆದುಕೊಂಡವರು ಕೈ ಎತ್ತಿ. ಎಂಬತ್ತು ಕೈ ಎದ್ದವು. ಇನ್ನೂ ನೋವಿರುವವರು ಯಾರು ಎಂದರು.

ಎಂಬತ್ತು ಕೈಯೂ ಇಳಿದವು.

ಸಭೆಯಲ್ಲಿ ಅನುಮಾನ ಹೊಗೆಯ ಹಾಗೆ ಹರಡಿತ್ತು. ಗಡಿಯಾರ ವಾಪಸು ಕೇಳಲು ಕಂಪನಿಯವರು ಹೂಡಿದ ತಂತ್ರವಿದು ಎಂದು ಮುನಿಯಮ್ಮ ಬೆಳಿಗ್ಗೆಯಿಂದ ಹೂವಿನ ಜೊತೆ ಮನೆಮನೆಗೂ ಹಂಚಿದ್ದಳು. ಗಡಿಯಾರ ಸಿಗದವರಿಗೂ ಭಯ, ಕೊಟ್ಟಿಲ್ಲದ್ದನ್ನು ವಾಪಸು ಕೇಳಿದರೆ ಎಲ್ಲಿಂದ ತರುವುದು ಎಂದು. ರಂಗಯ್ಯನವರು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದರು. ಒಬ್ಬರು ಚೆನ್ನಾಗಿದ್ದೇನೆ ಎಂದರು, ಒಬ್ಬರು ರಾತ್ರಿ ನೋವೇ ಗೊತ್ತಾಗುವುದಿಲ್ಲ ಎಂದರು, ಇನ್ನೊಬ್ಬರು ನೀವೇ ಬೆಟ್ಟ ಹತ್ತಿದವರು ನಮ್ಮನ್ನೇನು ಕೇಳುತ್ತೀರಿ ಎಂದರು. ಕೊನೆಗೆ ಅವರು ಕೆಂಪಯ್ಯನವರ ಕಡೆ ನೋಡಿದರು. ರಾಮನ ಪಟದ ಕೆಳಗೆ ಕೂತು ಕೆಂಪಯ್ಯನವರು ಸುಳ್ಳು ಹೇಳಲಿಲ್ಲ. ಕೆಮ್ಮಿದರು.

“ನೋಡ್ದೇನ್ಲಾ,” ಎಂದರು ಕೊಲ್ಲಾಪುರಮ್ಮನವರು ಕಂಬದ ಹತ್ತಿರದಿಂದ. “ಇಷ್ಟು ಜನ ಸುಳ್ಳು ಹೇಳ್ತಾರಾ? ನಾಳೆ ಬೆಳಿಗ್ಗೇನೆ ಅಂಬರೀಶನ್ ಕೈಲಿ ಫೋನ್ ಮಾಡಿಸ್ತೀನಿ.”

ಓದು ಶುರುವಾಯಿತು. ಆ ದಿನದ ಭಾಗ ಬಹಳ ಸೊಗಸಾಗಿತ್ತು ಎಂದು ಕೇಳಿದವರು ಹೇಳುತ್ತಾರೆ. ರಂಗಯ್ಯನವರ ಕಿವಿಗೆ ಒಂದು ಪದ್ಯವೂ ಬೀಳಲಿಲ್ಲ. ಅಕ್ಕನ ಎರಡು ಮಂಡಿಗಳನ್ನೇ ನೋಡುತ್ತ ಕೂತಿದ್ದರು. ಆ ಸೊಂಟದಲ್ಲೇ ತಾವು ಮೂರು ವರ್ಷ ತೂಗಾಡಿದ್ದು. ಆಗ ಆಕೆಗೆ ಒಂಬತ್ತು, ಹತ್ತು, ಹನ್ನೊಂದು. ಎರಡು ಗಂಟೆ ಹೊತ್ತು ಜನ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೇಳಿದರು.

ಓದು ಮುಗಿಯಿತು. ಅರ್ಚಕರು ಕರ್ಪೂರ ಹೊತ್ತಿಸಿ ಗಂಟೆ ಬಾರಿಸಿದರು. ಮಂಗಳಾರತಿಗೆ ಯಾರೂ ಕೂತಿರುವ ಹಾಗಿಲ್ಲ. ಅದು ಹಿಂದಿನಿಂದ ಬಂದ ಪದ್ಧತಿ.

ಮೊದಲು ಮುಂದಿನ ಸಾಲಿನಿಂದ ಒಂದು “ಅಪ್ಪಾ ತಂದೆ” ಕೇಳಿಸಿತು. ಆಮೇಲೆ ನಡುವಿನಿಂದ “ಅಯ್ಯೋ ಶಿವನೇ”. ಆಮೇಲೆ ಇಡೀ ಮಂದಿರ ಒಂದೇ ಉಸಿರಿನಲ್ಲಿ ನರಳಿತು. ಒಬ್ಬರು ಎರಡೂ ಕೈ ನೆಲಕ್ಕೂರಿ ಹಸುವಿನ ಹಾಗೆ ಹಿಂದಿನಿಂದ ಎದ್ದರು. ಒಬ್ಬರು ಪಕ್ಕದವರ ಹೆಗಲು ಹಿಡಿದರು, ಪಕ್ಕದವರು ಅವರ ಪಕ್ಕದವರದು ಹಿಡಿದರು, ಸಾಲಿನ ಕೊನೆಯವರಿಗೆ ಹಿಡಿಯಲು ಯಾರೂ ಇಲ್ಲದೆ ಎಲ್ಲರೂ ಮತ್ತೆ ಕೂತರು. ಗೋಡೆಗಳು ತುಂಬಿಹೋದವು. ಕಂಬಕ್ಕೆ ನಾಲ್ಕು ನಾಲ್ಕು ಜನ ಜೋತುಬಿದ್ದರು. ಮಂಡಿಗಳು ಒಂದಾದ ಮೇಲೊಂದು ಲಟಕ್ಕೆಂದವು. ರಾತ್ರಿ ನೋವೇ ಗೊತ್ತಾಗುವುದಿಲ್ಲ ಎಂದವರು ಅರ್ಧಕ್ಕೆ ನಿಂತು, ಮೇಲೂ ಹೋಗದೆ ಕೆಳಗೂ ಬರದೆ, ಅಲ್ಲಿಂದಲೇ ಕೈ ಮುಗಿದರು. ಕೆಂಪಯ್ಯನವರನ್ನು ಇಬ್ಬರು ಎತ್ತಿ ನಿಲ್ಲಿಸಿದರು. ಅಷ್ಟರಲ್ಲಿ ಕರ್ಪೂರ ಆರಿ, ಅರ್ಚಕರು ಇನ್ನೊಂದು ಬಿಲ್ಲೆ ಹೊತ್ತಿಸಬೇಕಾಯಿತು.

ಬಾಯಿ ಮುಚ್ಚಿಸಬಹುದು. ಮಂಡಿಗೆ ಯಾವ ಗಡಿಯಾರದ ಆಸೆ?

ಕೊಲ್ಲಾಪುರಮ್ಮನವರು ಮಾತ್ರ ಇನ್ನೂ ಕೂತೇ ಇದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಎಂದು ರಂಗಯ್ಯನವರು ಅಂದುಕೊಂಡರು. ಆಕೆ ನರಳುತ್ತ ಎದ್ದವರನ್ನು ಎಣಿಸುತ್ತಿದ್ದರು.

“ಎಪ್ಪತ್ತಾರು,” ಎಂದರು. “ಲೇ ರಂಗಾ, ಇವ್ರೆಲ್ಲ ಆ ನೂರರ ಒಳಗಿನೋರಾ, ಹೊರಗಿನೋರಾ?”

“ಕೆಳಗಿನೋರು ಅಕ್ಕಯ್ಯ. ಬೆಟ್ಟದ ಕೆಳಗೇ ಉಳ್ಕೊಂಡೋರು. ನಮ್ಮನ್ನ ಯಾರೂ ಎಣಿಸ್ಲೇ ಇಲ್ಲ.”

ಆಕೆ ಕೈ ಚಾಚಿದರು. ರಂಗಯ್ಯನವರು ಹಿಡಿದೆತ್ತಲು ಬಗ್ಗಿದರು. ಅವರ ಮಂಡಿಯೂ ಲಟಕ್ಕೆಂದಿತು, ಆಕೆಯದೂ ಅಂದಿತು. ಅಕ್ಕ ತಮ್ಮ ಒಬ್ಬರನ್ನೊಬ್ಬರು ಹಿಡಿದುಕೊಂಡು, ಯಾರು ಯಾರನ್ನು ಎತ್ತುತ್ತಿದ್ದಾರೆ ಎಂದು ಗೊತ್ತಾಗದ ಹಾಗೆ ಎದ್ದು ನಿಂತರು. ತಮ್ಮನ ಮಂಡಿಯ ಸದ್ದಿಗೆ ಆಕೆ ಕಿವಿಗೊಟ್ಟದ್ದನ್ನು ಮುನಿಯಮ್ಮ ನೋಡಿದಳಂತೆ. ತೆಂಗಿನಕಾಯಿ ತಟ್ಟಿ ಕೇಳುವ ಹಾಗೆಯೇ.

“ಸರಿಪೋಯಿಂದಿ, ಲೆಕ್ಕ ಸರಿಹೋಯ್ತು,” ಎಂದರು ಕೊಲ್ಲಾಪುರಮ್ಮನವರು. “ಅಂಬರೀಶನಿಗೆ ಫೋನ್ ಹಚ್ಚು. ಸೋಮವಾರ ಬತ್ತೀವಿ ಅನ್ನು.”

ನಾಲ್ಕು ಬಾಟಲಿಗಳನ್ನು ವೇದಾವತಿಯವರು ತೆಗೆದಿಟ್ಟುಕೊಂಡರು. ಮನೆಯಲ್ಲಿ ಇನ್ನೂ ಐದು ಬಾಗಿಲಿವೆ. ಗಂಡ ಬೆಟ್ಟ ಹತ್ತಿಲ್ಲ ಎಂಬುದನ್ನು ಅವರು ಈಗ ಪೂರ್ತಿ ನಂಬಿದರು. ಆದರೆ ಸಿಲಿಂಡರ್ ಎತ್ತಿದ್ದನ್ನು ಕಣ್ಣಾರೆ ಕಂಡಿರುವುದಾಗಿಯೂ, ಅದಕ್ಕೆ ಯಾವ ಮುದ್ರೆಯೂ ಬೇಕಿಲ್ಲವೆಂದೂ ತಿಳಿಸಿದರು. ಸಿಲಿಂಡರ್ ಅಂದಿನಿಂದ ರಂಗಯ್ಯನವರದೇ. ಫ್ಲೆಕ್ಸು ಇನ್ನೂ ಬಸ್ ಸ್ಟ್ಯಾಂಡಿನಲ್ಲಿದೆ. ಗಾಳಿಗೆ ಒಂದು ಮೂಲೆ ಹರಿದು, ಈಗ ಒಂದರ ಪಕ್ಕ ಒಂದೇ ಸೊನ್ನೆ ಉಳಿದಿದೆ.

ಸೋಮವಾರ ಬೆಳಿಗ್ಗೆ ತುಮಕೂರಿನಲ್ಲಿ, ಹಾಸಿಗೆಯ ಮೇಲೆ ಮಲಗಿಸಿದ ಮೇಲೆ, ಕೊಲ್ಲಾಪುರಮ್ಮನವರು ಡಾಕ್ಟರ ಕೋಟಿನ ತುದಿ ಹಿಡಿದು ನಿಲ್ಲಿಸಿದರು. ನೂರಕ್ಕೆ ಎಷ್ಟು ಜನಕ್ಕೆ ವಾಸಿಯಾಗುತ್ತದೆ ಎಂದು ಕೇಳಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಸ್ವಲ್ಪ ಯೋಚಿಸಿ, ತಾವು ಮಾಡಿದ ಕಡೆಯ ನೂರರಲ್ಲಿ ಎಂಬತ್ತೆಂಟು ಜನ ಚೆನ್ನಾಗಿ ಓಡಾಡುತ್ತಿದ್ದಾರೆ, ಎಂಟು ಜನಕ್ಕೆ ಸ್ವಲ್ಪ ನೋವು ಉಳಿದಿದೆ, ಮೂವರಿಗೆ ಮತ್ತೆ ಆಪರೇಷನ್ ಮಾಡಬೇಕಾಯಿತು, ಒಬ್ಬರು ಆಮೇಲೆ ಬರಲೇ ಇಲ್ಲ, ಅವರ ಸಂಗತಿ ತಮಗೆ ಗೊತ್ತಿಲ್ಲ ಎಂದರು.

ಇಷ್ಟು ಕೇಳಿದ ಮೇಲೆ ಅಕ್ಕ ಎದ್ದು ಹೊರಟುಬಿಡುತ್ತಾಳೆ ಎಂದು ರಂಗಯ್ಯನವರು ಅಡ್ಡ ನಿಂತರು. ಆದರೆ ಕೊಲ್ಲಾಪುರಮ್ಮನವರು ಬೆರಳು ಮಡಿಸಿ, ಎಂಬತ್ತೆಂಟಕ್ಕೆ ಎಂಟು ಕೂಡಿ, ಮೂರು ಕೂಡಿ, ಒಂದು ಕೂಡಿದರು. ಮತ್ತೊಂದು ಸಲ ಕೂಡಿದರು. ಆಮೇಲೆ ಕೋಟಿನ ತುದಿ ಬಿಟ್ಟು, ನಿರಾಳವಾಗಿ ತಲೆದಿಂಬಿಗೆ ಒರಗಿದರು.

“ಮಾಡ್ಲಿ ಬುಡು ರಂಗಾ,” ಎಂದರು. “ಈ ಹುಡ್ಗ ಯಾರ್ನೂ ಬೆಟ್ಟದ ಕೆಳಗೆ ಬುಟ್ಟು ಬಂದಿಲ್ಲ.”